ಕೊನೆಯ ಬಸ್ಸು ನೋಡಿಕೊಂಡು ಮಾಡಿದ ಸಮ್ಮೇಳನ

ತಂತ್ರಜ್ಞಾನದ ಸಮ್ಮೇಳನ ಎಂದರೆ ಬೆಂಗಳೂರು ಎಂದು ಕೊಪ್ಪಳದ ಕಡೆಯ ನಾವು ಒಪ್ಪಿಕೊಂಡು ಬಹಳ ದಿನವಾಯಿತು. ಪೈಥಾನ್ ಬಳಸುವವರ ಪೈಕಾನ್ ಇಂಡಿಯಾ 2009ರಲ್ಲಿ ಮೊದಲ ಸಲ ಸೇರಿದ್ದೂ ಅಲ್ಲಿಯೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇಂಥ ಸಮ್ಮೇಳನಗಳ ಒಂದು ಗುಣ ನನಗೆ ಇಷ್ಟ: ಅವನ್ನು ನಡೆಸುವವರು ಸ್ವಯಂಸೇವಕರು. ಹಗಲು ತಮ್ಮ ಕೆಲಸ ಮುಗಿಸಿ, ರಾತ್ರಿ ಕೂತು ಭಾಷಣಗಳನ್ನು ಆರಿಸುತ್ತಾರೆ, ಊಟದ ಲೆಕ್ಕ ಹಾಕುತ್ತಾರೆ. ಗಂಗಾವತಿಯ ಗೆಳೆಯರು ನಮ್ಮಲ್ಲೂ ಒಂದು ದಿನದ ಕೂಟ ಮಾಡೋಣ ಎಂದಾಗ ನಾನೂ ಸೇರಿಕೊಂಡೆ.

ನಾನು ಕನ್ನಡದಲ್ಲಿ ಪಿಎಚ್‌ಡಿ ಮಾಡುತ್ತಿರುವವನು, ವಿಷಯ ಶಾಸನಗಳು. "ಕಂಪ್ಯೂಟರ್ ಮಂದ್ಯಾಗ ನಿಂದೇನ್ ಕೆಲಸಪಾ?" ಎಂದಳು ಅವ್ವ. ಕೆಲಸವಿತ್ತು. ಹಿರಿಯರೊಬ್ಬರು ಕೊಟ್ಟ ಶಾಸನಪಾಠಗಳ ಹಳೆಯ ಕಡತ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ, ಹುಡುಕಿದರೆ ಪದವೂ ಸಿಗುವುದಿಲ್ಲ. 1991ರಲ್ಲಿ ಬಂದ ಯುನಿಕೋಡ್ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆಗಳನ್ನು ಕೊಟ್ಟಿತು. ಆದರೂ ನಮ್ಮ ಎಷ್ಟೋ ಪ್ರಬಂಧಗಳು ಇಂದಿಗೂ ಹಳೆಯ ಫಾಂಟಿನಲ್ಲೇ ಸಿಕ್ಕಿಕೊಂಡಿವೆ. ಇದನ್ನು ಬಲ್ಲವರ ಎದುರು ಇಡಬೇಕಿತ್ತು.

ನನಗೆ ವಹಿಸಿದ್ದು ಕಾರ್ಯಕ್ರಮದ ಪಟ್ಟಿ. ದೊಡ್ಡ ಊರುಗಳ ಸಮ್ಮೇಳನಗಳ ಪಟ್ಟಿ ನೋಡಿ ಮೊದಲ ಕರಡು ತಯಾರಾಯಿತು: ಬೆಳಿಗ್ಗೆ ದೊಡ್ಡವರ ಭಾಷಣ, ಸಂಜೆ ಐದಕ್ಕೆ ವಿದ್ಯಾರ್ಥಿಗಳಿಗೆ ಐದೈದು ನಿಮಿಷ. ಅದನ್ನು ಕಳುಹಿಸಿದ ಮರುದಿನವೇ ಯಲಬುರ್ಗಾ ಕಡೆಯ ಒಬ್ಬ ವಿದ್ಯಾರ್ಥಿನಿ ಫೋನ್ ಮಾಡಿದಳು. "ಸರ್, ಐದಕ್ಕಂದ್ರ ನಮಗ ಆಗಂಗಿಲ್ರೀ. ಕೊಪ್ಪಳದಾಗ ಇಳದು ಬಸ್ ಹಿಡೀಬೇಕು, ಆಮ್ಯಾಲ ನಮ್ಮೂರ ಬಸ್. ಅದು ತಪ್ಪಿದ್ರ ಮನ್ಯಾಗ ಮುಂದ ಎಲ್ಲಿಗೂ ಕಳಸಂಗಿಲ್ಲ."

ಕೊನೆಯ ಮಾತಿನಲ್ಲಿ ಎಲ್ಲವೂ ಇತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಹೊತ್ತಿನ ಲೆಕ್ಕ ಮಾತ್ರ ಹಾಗೇ ಇದೆ. ಕುಷ್ಟಗಿಗೆ ಪ್ರಯಾಣಿಕರ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಅದು ಯಲಬುರ್ಗಾ ದಾಟಿ ಹುಬ್ಬಳ್ಳಿಗೆ ಹೋಗುತ್ತದೆ, ಗಂಗಾವತಿಗಲ್ಲ. ಒಬ್ಬ ಹುಡುಗಿ ಒಂದು ಸಲ ಹೊತ್ತು ಮುಳುಗಿದ ಮೇಲೆ ಮನೆ ಮುಟ್ಟಿದರೆ, ಮುಂದಿನ ಕಾರ್ಯಕ್ರಮಕ್ಕೆ ಅವಳ ತಂಗಿಗೂ ಅನುಮತಿ ಸಿಗಲಿಕ್ಕಿಲ್ಲ.

ಪಟ್ಟಿಯನ್ನು ತಿರುವಿ ಹಾಕಿದೆವು. ಹನ್ನೊಂದಕ್ಕೆ ವಿದ್ಯಾರ್ಥಿಗಳು, ಊಟದ ನಂತರ ಅತಿಥಿಗಳು, ಮೂರೂವರೆಗೆ ಮುಕ್ತಾಯ. ದೂರದಿಂದ ಬರುವ ಅತಿಥಿಯೊಬ್ಬರು ಮಧ್ಯಾಹ್ನ ಯಾರು ಕೇಳುತ್ತಾರೆ ಎಂದು ಬೇಸರಿಸಿದರು. ಸಮಿತಿಯಲ್ಲೂ ಚರ್ಚೆಯಾಯಿತು. ಸ್ವಂತ ಕಾರಿದ್ದವರಿಗೆ ಮೂರೂವರೆ ತೀರಾ ಬೇಗ ಅನ್ನಿಸಿತು. ಕೊನೆಗೆ ಅತಿಥಿಗಳು ಒಪ್ಪಿದರು.

ಎರಡನೆಯ ಚರ್ಚೆ ಭಾಷೆಯದು. ಇಂಗ್ಲಿಷಿನಲ್ಲಿ ಮಾತಾಡಿದರೆ ಮಕ್ಕಳಿಗೆ ಮುಂದೆ ಕೆಲಸಕ್ಕೆ ಅನುಕೂಲ ಎಂಬ ವಾದ ಸುಳ್ಳಲ್ಲ. ಆದರೆ ಪ್ರಶ್ನೆ ಕೇಳುವ ಹೊತ್ತಿಗೆ ನಮ್ಮ ಹುಡುಗರು ತಲೆ ತಗ್ಗಿಸುವುದನ್ನು ನಾನು ಎಷ್ಟೋ ಸೆಮಿನಾರುಗಳಲ್ಲಿ ಕಂಡಿದ್ದೇನೆ. ಸರ್ವರ್, ಕೋಡ್, ಡೇಟಾ ಹಾಗೇ ಇರಲಿ, ಸುತ್ತಲಿನ ವಾಕ್ಯ ಕನ್ನಡದ್ದಾಗಲಿ ಎಂದು ತೀರ್ಮಾನಿಸಿದೆವು.

ಅಂದು ಹನ್ನೊಂದೂಕಾಲಿಗೆ ಮೈಕ್ ಹಿಡಿದವಳು ಫೋನ್ ಮಾಡಿದ್ದ ಅದೇ ಹುಡುಗಿ. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ತಿರುಗಿಸುವ ಸಣ್ಣ ಪ್ರೋಗ್ರಾಂ ಬರೆದಿದ್ದಳು. ಒತ್ತಕ್ಷರಗಳು ಎಲ್ಲಿ ಎಡವುತ್ತವೆ, ಅರ್ಕಾವೊತ್ತು ಯಾಕೆ ಜಾಗ ಬದಲಿಸುತ್ತದೆ ಎಂದು ನಮ್ಮ ಕಡೆಯ ಮಾತಿನಲ್ಲೇ ವಿವರಿಸಿದಳು. ಅಡುಗೆಗೆ ಬಂದಿದ್ದ ಕಾಕಾ ಕೂಡ ಬಾಗಿಲಲ್ಲಿ ನಿಂತು ಕೇಳಿದರು. ನನ್ನ ಕಡತದ ಒಂದು ಪುಟವನ್ನು ಅವಳಿಗೆ ಕೊಟ್ಟೆ. ಮೂರು ಕಡೆ ತಪ್ಪು, ಉಳಿದದ್ದೆಲ್ಲ ಕನ್ನಡ.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ, ಕಾಲ ಕ್ರಿ.ಪೂ. 3ನೇ ಶತಮಾನ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಇದು ಸಾಧ್ಯ ಎಂಬ ಮಾತು ಅದರಲ್ಲಿದೆ. ಆದರೆ ಆ ಮಾತು ನಮ್ಮೂರಿನ ಸಣ್ಣವರಿಗೆ ಮುಟ್ಟಬೇಕಾದರೆ, ಯಾರೋ ಬಂಡೆಯ ಪಕ್ಕ ನಿಂತು ಅವರ ಮಾತಿನಲ್ಲಿ ಬಿಡಿಸಿ ಹೇಳಿರಲೇಬೇಕು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಸ್ವಯಂಸೇವಕ ಎಂಬ ಪದಕ್ಕೆ ನನಗೆ ಸಿಕ್ಕ ಅರ್ಥ ಅದೇ.

ಮುಂದಿನ ಕೂಟ ಕುಷ್ಟಗಿಯಲ್ಲಿ ಮಾಡುವ ಮಾತಿದೆ. ಅತಿಥಿಗಳು ಯಾರೆಂದು ಇನ್ನೂ ಗೊತ್ತಿಲ್ಲ. ಬಸ್ ನಿಲ್ದಾಣದ ಕಂಟ್ರೋಲರ್ ಹತ್ತಿರ ಸಂಜೆಯ ಬಸ್ಸುಗಳ ವೇಳೆಯನ್ನಂತೂ ಬರೆದುಕೊಂಡು ಬಂದಿದ್ದೇವೆ.