ನಕಲಿನ ಬೆಲೆ

ನೀವು ಫೋನಿನಲ್ಲಿ ಒಂದು ಹಾಡಿನ ಮೇಲೆ ಬೆರಳಿಟ್ಟಿರಿ ಎಂದುಕೊಳ್ಳಿ. ಎಲ್ಲೋ ದೂರದ ಸರ್ವರ್ ಆ ಕಡತವನ್ನು ಡಿಸ್ಕಿನಿಂದ ಎತ್ತಿ ನೆಟ್‌ವರ್ಕಿಗೆ ದಾಟಿಸಬೇಕು. ಕೆಲಸ ಇಷ್ಟೇ. ಗೂಢಲಿಪಿಯ ಮಾತನ್ನು ಸದ್ಯ ಬದಿಗಿಡೋಣ. ರೀಡ್ ಮಾಡಿ ರೈಟ್ ಮಾಡುವ ಹಳೆಯ ಕ್ರಮದಲ್ಲಿ ಅದೇ ಹಾಡು ನಾಲ್ಕು ಸಲ ನಕಲಾಗುತ್ತದೆ: ಡಿಸ್ಕಿನಿಂದ ಕರ್ನಲ್‌ನ ಪೇಜ್ ಕ್ಯಾಶ್‌ಗೆ, ಅಲ್ಲಿಂದ ಪ್ರೋಗ್ರಾಮಿನ ಬಫರ್‌ಗೆ, ಮತ್ತೆ ಕರ್ನಲ್‌ನ ಸಾಕೆಟ್ ಬಫರ್‌ಗೆ, ಕೊನೆಗೆ ನೆಟ್‌ವರ್ಕ್ ಕಾರ್ಡಿಗೆ. ಮೊದಲ ಮತ್ತು ಕೊನೆಯ ಹೊರೆ ಡಿಎಂಎ ಯಂತ್ರಾಂಶದ್ದು; ನಡುವಿನ ಎರಡನ್ನು ಸಿಪಿಯು ತಾನೇ ಹೊರಬೇಕು. ಇಷ್ಟಾದರೂ ಪ್ರೋಗ್ರಾಮು ಆ ಹಾಡಿನ ಒಂದು ಬೈಟನ್ನೂ ಓದಿ ನೋಡಿರುವುದಿಲ್ಲ. ಒಂದು ಕೈಯಲ್ಲಿ ಪಡೆದು ಇನ್ನೊಂದು ಕೈಯಲ್ಲಿ ಕೊಟ್ಟಿರುತ್ತದೆ, ಅಷ್ಟೆ.

ಈ ವ್ಯರ್ಥ ಓಡಾಟ ತಪ್ಪಿಸುವುದಕ್ಕೆ ಝೀರೋ ಕಾಪಿ ಎನ್ನುತ್ತಾರೆ. 1999ರಲ್ಲಿ ಬಂದ ಲಿನಕ್ಸ್ 2.2ರಲ್ಲಿ ಸೆಂಡ್‌ಫೈಲ್ ಎಂಬ ಸಿಸ್ಟಮ್ ಕಾಲ್ ಸೇರಿತು. 'ಈ ಕಡತವನ್ನು ಆ ಸಾಕೆಟ್‌ಗೆ ಕಳಿಸು' ಎಂದರೆ ಸಾಕು, ದತ್ತಾಂಶ ಪ್ರೋಗ್ರಾಮಿನ ಅಂಗಳಕ್ಕೆ ಬರುವುದೇ ಇಲ್ಲ. 2.4ರ ಹೊತ್ತಿಗೆ, ಚದುರಿದ ತುಣುಕುಗಳನ್ನು ತಾನೇ ಕೂಡಿಸಿಕೊಳ್ಳಬಲ್ಲ ನೆಟ್‌ವರ್ಕ್ ಕಾರ್ಡಿದ್ದರೆ, ಸಿಪಿಯು ಮಾಡುವ ನಕಲು ಒಂದೂ ಉಳಿಯಲಿಲ್ಲ. ದತ್ತಾಂಶ ಎಲ್ಲಿದೆ, ಎಷ್ಟಿದೆ ಎಂಬ ವಿವರ ಮಾತ್ರ ಸಾಕೆಟ್‌ಗೆ ಹೋಗುತ್ತದೆ.

ನನ್ನ ಅಪ್ಪ ಪತ್ರ ಬರಹಗಾರರು. ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ದಾನಪತ್ರ ಬರೆದೇ ನನ್ನನ್ನು ಓದಿಸಿದವರು. ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿ ಒಮ್ಮೆ, "ಅಲ್ಲಿ ನೀನು ಮಾಡೋದಾದ್ರೂ ಏನು?" ಎಂದು ಕೇಳಿದರು. "ನಕಲು ತಪ್ಪಿಸೋದು, ಅಪ್ಪ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಕಲು ಕೊಡದೆ ಅಸಲನ್ನೇ ಕೈಗಿಟ್ರೆ, ಅವನು ವಾಪಸ್ ಕೊಡೋವರೆಗೂ ನಾನು ಅದರಲ್ಲಿ ಒಂದಕ್ಷರ ತಿದ್ದೋ ಹಾಗಿಲ್ವಲ್ಲಮ್ಮ" ಎಂದರು.

ನಾನು ಎರಡು ವರ್ಷದಿಂದ ಗುದ್ದಾಡುತ್ತಿರುವ ತೊಡಕು ಅದೇ. 2017ರ ಲಿನಕ್ಸ್ 4.14ರಲ್ಲಿ ಬಂದ ಎಂಎಸ್‌ಜಿ ಝೀರೋಕಾಪಿ ಸೌಲಭ್ಯ ಪ್ರೋಗ್ರಾಮಿನ ಸ್ವಂತ ಬಫರನ್ನೇ ನಕಲಿಲ್ಲದೆ ಕಳಿಸಬಲ್ಲದು. ಆದರೆ ಕರ್ನಲ್ ಆ ಪುಟಗಳನ್ನು ಕದಲದಂತೆ ಹಿಡಿದಿಡುತ್ತದೆ. 'ಮುಗಿಯಿತು' ಎಂಬ ಸೂಚನೆ ಬರುವವರೆಗೆ ಅದನ್ನು ತಿದ್ದಬಾರದು. ತಿದ್ದಿದರೆ ದಾರಿಯಲ್ಲಿರುವುದೂ ಕೆಡಬಹುದು. ಹಿಡಿದಿಡುವುದಕ್ಕೂ ಖರ್ಚು, ಸೂಚನೆ ಕೊಡುವುದಕ್ಕೂ ಖರ್ಚು. ಹಾಗಾಗಿ ಸುಮಾರು 10 ಕಿಲೋಬೈಟಿಗಿಂತ ದೊಡ್ಡದನ್ನು ಕಳಿಸುವಾಗಲಷ್ಟೇ ಇದರಿಂದ ಸಾಮಾನ್ಯವಾಗಿ ಪ್ರಯೋಜನ ಎಂದು ಕರ್ನಲ್‌ನ ಕೈಪಿಡಿಯೇ ಹೇಳುತ್ತದೆ. ಚಿಕ್ಕ ಸಂದೇಶಕ್ಕೆ ನಕಲೇ ಅಗ್ಗ.

ನಮ್ಮ ಕ್ಷೇತ್ರದ ಲೆಕ್ಕದಲ್ಲಿ ನಕಲು ಎಂದರೆ ದಂಡ. ನನಗೆ ಅದು ಸ್ವಾತಂತ್ರ್ಯಕ್ಕೆ ತೆರುವ ಬೆಲೆಯಾಗಿಯೂ ಕಾಣುತ್ತದೆ. ನಕಲು ಕೊಟ್ಟವರು ಆ ಕ್ಷಣವೇ ತಮ್ಮ ಕೆಲಸಕ್ಕೆ ಮರಳಬಹುದು. ಅಸಲು ಕೊಟ್ಟವರು ಕಾಯಬೇಕು. ಯಾವ ದತ್ತಾಂಶಕ್ಕೆ ಎಷ್ಟು ಕಾಯುವುದು ಲಾಭ ಎಂಬುದನ್ನು ಪ್ರೋಗ್ರಾಮು ಓಡುತ್ತಿರುವಾಗಲೇ ನಿರ್ಧರಿಸಬಹುದೇ? ನನ್ನ ಪ್ರಬಂಧದಲ್ಲಿ ಉಳಿದಿರುವ ಎರಡು ಅಧ್ಯಾಯ ಈ ಪ್ರಶ್ನೆಗೇ ಮೀಸಲು.