ಮಾವನ ಅಂಗಡಿಯ ನೀಲಿ 'ಇ'

ಮೊನ್ನೆ ಕುಂಬಾರಕೊಪ್ಪಲಿಗೆ ಹೋದಾಗ ಮಾವನ ಅಟ್ಟದಿಂದ ಹಳೇ ಸಿಪಿಯು ಇಳಿಸಿದೆ. ಗುಜರಿಗೆ ಹಾಕೋ ಮುಂಚೆ ಒಂದ್ಸಲ ಆನ್ ಮಾಡೋಣ ಅಂತ ನೋಡಿದ್ರೆ, ಅದೇ ವಿಂಡೋಸ್ ಎಕ್ಸ್‌ಪಿ, ಅದೇ ಹಸಿರು ಗುಡ್ಡ, ನುಡಿ, ಮೂಲೆಯಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ನೀಲಿ 'ಇ'. ಸ್ವಲ್ಪ ನಾಚಿಕೆ ಆಯ್ತು.

2014ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮಾವನ ಡಿಟಿಪಿ ಅಂಗಡಿಯಲ್ಲಿ ಕೂರ್ತಿದ್ದೆ. ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕೈ ಬಿಟ್ಟಿತ್ತು. ಅದೇ 26ಕ್ಕೆ ಎಕ್ಸ್‌ಪ್ಲೋರರ್ 6ರಿಂದ 11ರವರೆಗೆ ಎಲ್ಲದರಲ್ಲೂ ಒಂದು ತೂತಿದೆ ಅಂತ ಸುದ್ದಿ. ಎಂಥಾ ತೂತು ಅಂದ್ರೆ.. ಬಾಡಿಗೆಯವರು ಖಾಲಿ ಮಾಡಿ ಹೋದ್ರೂ ಅವರ ಕಾಗದ ಅದೇ ಮನೆಗೆ ಬರುತ್ತಲ್ಲ, ಹಾಗೆ. ತಾನು ಬಿಟ್ಟುಕೊಟ್ಟ ಮೆಮೊರಿ ಜಾಗಕ್ಕೇ ಬ್ರೌಸರ್ ಮತ್ತೆ ಹೋಗುತ್ತೆ. ಅಷ್ಟರಲ್ಲಿ ಅಲ್ಲಿ ಕಳ್ಳ ಬಂದು ಕೂತಿದ್ರೆ ಅವನು ಹೇಳಿದ ಹಾಗೆ ಕೇಳುತ್ತೆ! ಒಂದು ಪುಟ ತೆರೆದರೆ ಸಾಕು. ಎಕ್ಸ್‌ಪಿಯಲ್ಲಿ ಬಹಳ ಜನ ಅಡ್ಮಿನಿಸ್ಟ್ರೇಟರ್ ಆಗೇ ಲಾಗಿನ್ ಆಗ್ತಿದ್ರು, ಹಾಗಾಗಿ ಕಳ್ಳನಿಗೆ ಇಡೀ ಮನೆಯ ಬೀಗದ ಕೈ ಸಿಕ್ಕ ಹಾಗೆ. (ಇದೆಲ್ಲ ಆಮೇಲೆ ಇಂಜಿನಿಯರಿಂಗಲ್ಲಿ ತಿಳಿದಿದ್ದು. ಆಗ ಗೊತ್ತಿದ್ದದ್ದು ಸುದ್ದಿಯ ಹೆಡ್‌ಲೈನ್ ಅಷ್ಟೇ :-) )

ಮಾವ ಊಟಕ್ಕೆ ಹೋದಾಗ ಫೈರ್‌ಫಾಕ್ಸ್ ಹಾಕಿ, ನೀಲಿ 'ಇ'ನ ಡೆಸ್ಕ್‌ಟಾಪಿಂದ, ಸ್ಟಾರ್ಟ್ ಮೆನುವಿಂದ ಎರಡೂ ಕಡೆ ಕಿತ್ತು ಹಾಕಿದೆ. ಬಂದ ಮೇಲೆ ಭಾಷಣ ಬೇರೆ. ಮಾರನೇ ದಿನ ನಾನಿರಲಿಲ್ಲ. ಒಬ್ಬರು ಅರ್ಜಿ ತುಂಬಿಸೋಕೆ ಬಂದಿದ್ರಂತೆ, ಕೊನೇ ದಿನ. ಆ ಸೈಟು ಎಕ್ಸ್‌ಪ್ಲೋರರ್ ಬಿಟ್ಟು ಬೇರೆಯದರಲ್ಲಿ ಸಬ್ಮಿಟ್ ಆಗ್ತಿರಲಿಲ್ಲ. ಮಾವನಿಗೆ 'ಇ' ಎಲ್ಲೂ ಸಿಗಲಿಲ್ಲ. ಅರ್ಜಿ ಹೋಗಲಿಲ್ಲ. ಮಾವ ನನಗೆ ಬೈಯಲಿಲ್ಲ, ಬಂದವರ ಹತ್ರ ತಾನೇ ಕ್ಷಮೆ ಕೇಳಿದ್ದ.

ಹಳೇ ಬ್ರೌಸರ್ ಇಟ್ಕೊಂಡವರು ದಡ್ಡರು ಅಂತ ನಾವು ಐಟಿಯವರು ಸಲೀಸಾಗಿ ಹೇಳಿಬಿಡ್ತೀವಿ. ಮಾವ ಅದನ್ನ ಆರಿಸಿಕೊಂಡಿರಲೇ ಇಲ್ಲ. ಆಕ್ಟಿವ್‌ಎಕ್ಸ್ ನಂಬಿ ಸೈಟು ಕಟ್ಟಿದವರು ನಮ್ಮಂಥ ಇಂಜಿನಿಯರುಗಳೇ ತಾನೆ? ಕನ್ನಡಕ್ಕೂ ಇದೇ ಗತಿ ಇತ್ತು. ಯೂನಿಕೋಡ್‌ಗೆ ಮುಂಚಿನ ಎಷ್ಟೋ ಡೈನಾಮಿಕ್ ಫಾಂಟ್ ಪುಟಗಳು ಎಕ್ಸ್‌ಪ್ಲೋರರಲ್ಲಿ ಮಾತ್ರ ಕನ್ನಡ, ಬೇರೆ ಕಡೆ ಬರೀ ಚಿತ್ರಾನ್ನ.

ಆ ತೂತಿಗೆ ಮೇ 1ಕ್ಕೆ ಪ್ಯಾಚ್ ಬಂತು, ಕೈ ಬಿಟ್ಟಿದ್ದ ಎಕ್ಸ್‌ಪಿಗೂ ಕೊಟ್ಟರು. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರೇ ರಿಟೈರ್ ಆಯ್ತು. ಆದ್ರೂ ಎಡ್ಜ್ ಹೊಟ್ಟೆಯೊಳಗೆ 'ಐಇ ಮೋಡ್' ಅಂತ ಉಳಿಸಿದ್ದಾರೆ, ಕನಿಷ್ಠ 2029ರವರೆಗೆ. ಕಳೆದ ವರ್ಷ ಒಬ್ಬ ಕ್ಲೈಂಟಿಗೆ ನಾನೇ ಅದನ್ನ ಸೆಟ್ ಮಾಡಿಕೊಟ್ಟೆ..

ಸಿಪಿಯು ಗುಜರಿಗೆ ಹೋಯ್ತು. ಹಾರ್ಡ್ ಡಿಸ್ಕ್ ಮಾತ್ರ ಮಾವ ನನ್ನ ಕೈಲಿ ಬಿಚ್ಚಿಸಿಕೊಂಡ. ಗಿರಾಕಿಗಳ ಮಾರ್ಕ್ಸ್ ಕಾರ್ಡು, ಆಧಾರ್ ಸ್ಕ್ಯಾನು ಎಲ್ಲ ಅದರಲ್ಲಿವೆಯಂತೆ, ಕಂಡೋರ ಕೈಗೆ ಹೋಗಬಾರದಂತೆ.