ಆಸನಕ್ಕಿಂತ ಮೊದಲು

ಯೋಗ ಎಂದರೆ ಕಾಲು ಮಡಚಿ ಮೂಗು ಹಿಡಿದು ಕೂರುವುದಷ್ಟೇ ಅಲ್ಲ, ಸೋದರಿಯರೇ. ಪತಂಜಲಿ ಹೇಳಿದ 8 ಅಂಗಗಳಲ್ಲಿ ಆಸನ ಮೂರನೆಯದು; ಮೊದಲನೆಯದು ಯಮ. ಅಂದರೆ ಅಹಿಂಸೆ, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಅಪರಿಗ್ರಹ.

ನನ್ನ ತವರು ಮೂಡುಬಿದಿರೆ. ಅಲ್ಲಿನ ಜೈನರ 5 ವ್ರತಗಳೂ ಇವೇ. ಸಂಸಾರಸ್ಥರಾದರೆ ಇಷ್ಟೇ ಗದ್ದೆ, ಇಷ್ಟೇ ಚಿನ್ನ ಸಾಕೆಂದು ತಾವೇ ಮಿತಿ ಹಾಕಿಕೊಳ್ಳಬೇಕು. ಅದೇ ಅವರ ಅಪರಿಗ್ರಹ.

ಮಗಳ ಮದುವೆಗೆ ಸಾಲ ತೆಗೆದು ಚಿನ್ನ ಮಾಡಿಸಲು ನಮ್ಮವರು ಹೊರಟಾಗ, "ಇದ್ದದ್ದು ಸಾಕು ಮಾರಾಯ್ರೆ" ಎಂದೆ. ಬೆಳ್ತಂಗಡಿಯ ನೆಂಟರು ಆಡಿಕೊಂಡರು. ಆಡಲಿ! ತಿಂಗಳು ತಿಂಗಳು ಬಡ್ಡಿ ಕಟ್ಟುವವರು ಅವರಲ್ಲವಲ್ಲ?

ಬೆನ್ನುನೋವಿಗೆ ಆಸನ ಮಾಡಿ, ಬೇಡ ಎನ್ನುವುದಿಲ್ಲ. ಜೊತೆಗೆ ಮನೆಯ ಒಂದು ವಿಷಯಕ್ಕಾದರೂ "ಇಷ್ಟು ಸಾಕು" ಎಂದು ಗೆರೆ ಎಳೆದು ನೋಡಿ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.